ನೋಡಿದ್ದರ ಲೆಕ್ಕ: ಕಂಟೆಂಟ್ ಮಾಡರೇಟರುಗಳಿಗೆ ಬೇಕಾದ ಮಾನಸಿಕ ನೆರವಿನ ಕುರಿತು

ಫೇಸ್‌ಬುಕ್, ಯೂಟ್ಯೂಬ್‌ನಂಥ ವೇದಿಕೆಗಳಿಗೆ ಬಂದು ಬೀಳುವ ದೃಶ್ಯಗಳಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುವವರು ಕಂಟೆಂಟ್ ಮಾಡರೇಟರುಗಳು. ಕೊಲೆ, ಆತ್ಮಹತ್ಯೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ, ಪ್ರಾಣಿಹಿಂಸೆ ಇವೆಲ್ಲ ಉಳಿದವರ ಕಣ್ಣಿಗೆ ಬೀಳದಿರಲೆಂದು ಇವರು ನೋಡುತ್ತಾರೆ. ಇವರಲ್ಲಿ ಹೆಚ್ಚಿನವರು ವೇದಿಕೆಗಳ ನೌಕರರಲ್ಲ, ಹೊರಗುತ್ತಿಗೆ ಕಂಪನಿಗಳವರು. ಇವರಿಗೆ ಮಾನಸಿಕ ನೆರವು ಬೇಕೆಂಬುದನ್ನು ಈಗ ಯಾವ ದೊಡ್ಡ ಕಂಪನಿಯೂ ಬಹಿರಂಗವಾಗಿ ಅಲ್ಲಗಳೆಯುವುದಿಲ್ಲ. ತಕರಾರು ಇರುವುದು ಆ ನೆರವು ಎಲ್ಲಿಂದ ಶುರುವಾಗಬೇಕು ಎಂಬಲ್ಲಿ. ಆಪ್ತಸಮಾಲೋಚಕರ ಕೋಣೆಗೆ ಮುಂಚೆಯೇ, ಕೆಲಸದ ಕ್ಯೂನಿಂದಲೇ, ಅಂದರೆ ಪರಿಶೀಲನೆಗೆಂದು ಪರದೆಗೆ ಬರುವ ದೃಶ್ಯಗಳ ಸಾಲಿನಿಂದಲೇ, ಅದು ಶುರುವಾಗಬೇಕು ಎಂಬುದು ಈ ಲೇಖನದ ವಾದ. ಅದಕ್ಕೆ ಬೇಕಾದ ದಾಖಲೆ ಕಂಪನಿಗಳ ಕೈಯಲ್ಲಿ ಆಗಲೇ ಇದೆ.

ಇಂಥ ನೆರವಿನ ವ್ಯವಸ್ಥೆ ಹೇಗಿತ್ತೆಂದು ಹತ್ತಿರದಿಂದ ತೋರಿಸಿದ್ದು ‘ದಿ ವರ್ಜ್’ ಜಾಲತಾಣದಲ್ಲಿ 2019ರ ಫೆಬ್ರವರಿಯಲ್ಲಿ ಪ್ರಕಟವಾದ ಕೇಸಿ ನ್ಯೂಟನ್ ಅವರ ವರದಿ. ಅಮೆರಿಕದ ಫೀನಿಕ್ಸ್ ನಗರದಲ್ಲಿ ಫೇಸ್‌ಬುಕ್ ಪರವಾಗಿ ಕಾಗ್ನಿಜೆಂಟ್ ನಡೆಸುತ್ತಿದ್ದ ಕೇಂದ್ರದಲ್ಲಿ ಮಾಡರೇಟರುಗಳಿಗೆ ದಿನಕ್ಕೆ 9 ನಿಮಿಷದ ‘ವೆಲ್‌ನೆಸ್’ ಬಿಡುವು ಇತ್ತು. ಮನಸ್ಸು ತಡೆಯದಾದಾಗ ಎದ್ದು ಹೋಗಲು ಇಷ್ಟು ಸಮಯ. ಮೇಜು ಬಿಟ್ಟೇಳುವಾಗ ಬ್ರೌಸರಿನಲ್ಲಿ ಒಂದು ಗುಂಡಿ ಒತ್ತಿ ತಿಳಿಸಬೇಕಿತ್ತು. ಇಬ್ಬರು ಮುಸ್ಲಿಂ ನೌಕರರು ಆ 9 ನಿಮಿಷದಲ್ಲಿ ನಮಾಜು ಮಾಡಿದ್ದಕ್ಕೆ ಅದನ್ನು ನಿಲ್ಲಿಸುವಂತೆ ಹೇಳಲಾಯಿತು. ನಿರ್ಧಾರಗಳಲ್ಲಿ ಶೇಕಡ 95ರಷ್ಟು ಸರಿ ಇರಬೇಕೆಂಬ ಗುರಿ ಬೇರೆ. ದುಡಿದವನ ಮನಸ್ಸಿಗೆಂದು ಕೊಟ್ಟ ಸಮಯವನ್ನು ಹೀಗೆ ಕಾವಲು ಕಾಯ್ದರೆ ಅದನ್ನು ನೆರವೆಂದು ಕರೆಯುವುದು ಕಷ್ಟ. ಎರಡು ವರ್ಷದ ಬಳಿಕ, 2021ರ ಮೇ ತಿಂಗಳಲ್ಲಿ, ಐರ್ಲೆಂಡಿನ ಸಂಸದೀಯ ಸಮಿತಿಯ ಮುಂದೆ ಡಬ್ಲಿನ್ನಿನ ಮಾಡರೇಟರೊಬ್ಬರು ಇದೇ ಜಾಡಿನ ದೂರು ಹೇಳಿದರು: ತಮಗೆ ಕೊಟ್ಟಿರುವ ‘ವೆಲ್‌ನೆಸ್ ಕೋಚ್’ಗಳ ಮನಸ್ಸು ಒಳ್ಳೆಯದೇ, ಆದರೆ ಅವರು ವೈದ್ಯರಲ್ಲ, ಕರಾವೊಕೆ ಹಾಡಿ, ಚಿತ್ರ ಬರೆಯಿರಿ ಎನ್ನುತ್ತಾರೆ.

ಅಮೆರಿಕದಲ್ಲಿ ಮಾಡರೇಟರುಗಳು ಫೇಸ್‌ಬುಕ್ ವಿರುದ್ಧ 2018ರಲ್ಲಿ ಹೂಡಿದ ಸಾಮೂಹಿಕ ದಾವೆ 2020ರ ಮೇ ತಿಂಗಳಲ್ಲಿ ರಾಜಿಯಲ್ಲಿ ಮುಗಿಯಿತು. ಫೇಸ್‌ಬುಕ್ 5.2 ಕೋಟಿ ಡಾಲರ್ ಕೊಡಲು ಒಪ್ಪಿತು. ಹತ್ತು ಸಾವಿರಕ್ಕೂ ಮಿಕ್ಕಿದ ಮಾಡರೇಟರುಗಳಿಗೆ ತಲಾ ಕನಿಷ್ಠ 1,000 ಡಾಲರ್, ಮಾನಸಿಕ ರೋಗ ಪತ್ತೆಯಾದವರಿಗೆ ಅದಕ್ಕಿಂತ ಹೆಚ್ಚು. ಹಣಕ್ಕಿಂತ ಮುಖ್ಯವಾದದ್ದು ಕೆಲಸದ ಷರತ್ತುಗಳಲ್ಲಿ ಬಂದ ಬದಲಾವಣೆ. ವಿಡಿಯೊ ಮೊದಲು ತೆರೆದುಕೊಳ್ಳುವಾಗ ಧ್ವನಿ ಇರಕೂಡದು, ಬಣ್ಣ ತೆಗೆದು ಕಪ್ಪು-ಬಿಳುಪಿನಲ್ಲಿ ನೋಡುವ ಅವಕಾಶ ಇರಬೇಕು, ಪರವಾನಗಿ ಇರುವ ಮನೋತಜ್ಞರ ಜತೆ ವಾರಕ್ಕೊಮ್ಮೆ ಮಾತಾಡುವ ಏರ್ಪಾಡಿರಬೇಕು. ನ್ಯಾಯಾಲಯದ ದಾಖಲೆಯಲ್ಲಿ ಬಣ್ಣ ಮತ್ತು ಸದ್ದಿನ ಪ್ರಸ್ತಾಪ ಬಂದದ್ದನ್ನು ಗಮನಿಸಬೇಕು. ಹಾನಿ ಪರದೆಯಿಂದ ಬರುತ್ತದೆ, ಆದ್ದರಿಂದ ಮದ್ದೂ ಪರದೆಯಲ್ಲೇ ಶುರುವಾಗಬೇಕು ಎಂಬ ಒಪ್ಪಿಗೆ ಅದರಲ್ಲಿದೆ. ಗೂಗಲ್‌ನ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಪ್ರಯೋಗವೂ ಕಪ್ಪು-ಬಿಳುಪು ಚಿತ್ರಗಳು ಮಾಡರೇಟರುಗಳ ಮನಃಸ್ಥಿತಿಗೆ ಅನುಕೂಲವೆಂದು ಕಂಡುಕೊಂಡಿತು. ಚಿತ್ರವನ್ನು ಬರೀ ಮಸುಕು ಮಾಡಿದ್ದರಿಂದ ಅಂಥ ಲಾಭ ಕಾಣಲಿಲ್ಲ. ಮಸುಕಾದದ್ದನ್ನು ಕಣ್ಣು ಕಿರಿದು ಮಾಡಿ ನೋಡಬೇಕಾಗುತ್ತದಲ್ಲ, ಅದೂ ಕಾರಣವಿರಬಹುದು.

ಪರದೆಯಲ್ಲಿ ನೋಡಿದ್ದಕ್ಕೆ ಆಘಾತವಾಗುತ್ತದೆಯೇ ಎಂಬ ಪ್ರಶ್ನೆಗೆ ಮನೋವೈದ್ಯಶಾಸ್ತ್ರ ಕೊಟ್ಟಿರುವ ಉತ್ತರ ಕುತೂಹಲಕರವಾಗಿದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ ರೋಗನಿದಾನ ಕೈಪಿಡಿಯ ಐದನೇ ಆವೃತ್ತಿ ಆಘಾತೋತ್ತರ ಒತ್ತಡ ರೋಗದ, ಅಂದರೆ ಪಿಟಿಎಸ್‌ಡಿಯ, ಮಾನದಂಡಗಳಲ್ಲಿ ಭೀಕರ ವಿವರಗಳಿಗೆ ಪದೇ ಪದೇ ಒಡ್ಡಿಕೊಳ್ಳುವುದನ್ನೂ ಸೇರಿಸಿತು. ಟಿವಿ, ಸಿನಿಮಾ, ಚಿತ್ರ, ವಿದ್ಯುನ್ಮಾನ ಮಾಧ್ಯಮಗಳ ಮೂಲಕ ನೋಡಿದ್ದನ್ನು ಇದರಿಂದ ಹೊರಗಿಟ್ಟು, ಕೆಲಸದ ಭಾಗವಾಗಿ ನೋಡಿದ್ದಾದರೆ ಮಾತ್ರ ಒಳಗೆ ಬಿಟ್ಟಿತು. ಮನೆಯಲ್ಲಿ ಕೂತು ನೋಡಿದವರಿಗೆ ಸಲ್ಲದ ಮಾನ್ಯತೆ ಸಂಬಳಕ್ಕಾಗಿ ನೋಡುವವರಿಗೆ ಸಲ್ಲುತ್ತದೆ. ಮಾಡರೇಟರನ ಸಂಕಟ ಔದ್ಯೋಗಿಕ ರೋಗವೆನ್ನಲು ಇದಕ್ಕಿಂತ ಗಟ್ಟಿ ಆಧಾರ ಬೇಡ. ‘ಪದೇ ಪದೇ’ ಎಂದರೆ ಎಷ್ಟು ಸಲ ಎಂದು ಮಾತ್ರ ಕೈಪಿಡಿ ಹೇಳುವುದಿಲ್ಲ.

ಆ ‘ಎಷ್ಟು’ ಎಂಬುದೇ ತಿರುಳು. ಬ್ರಿಟನ್ನಿನ ಮಿಡ್ಲ್‌ಸೆಕ್ಸ್ ವಿಶ್ವವಿದ್ಯಾಲಯದ ರುತ್ ಸ್ಪೆನ್ಸ್ ಮತ್ತು ಸಂಗಡಿಗರ ಸಮೀಕ್ಷೆಯಲ್ಲಿ, ಇಂಥ ದೃಶ್ಯಗಳನ್ನು ಹೆಚ್ಚು ಸಲ ನೋಡಿದಷ್ಟೂ ಮಾನಸಿಕ ಯಾತನೆ ಹೆಚ್ಚಾಗಿತ್ತು. ಪ್ರಮಾಣ ಏರಿದಂತೆ ಹಾನಿ ಏರುವುದಾದರೆ ಮೊದಲು ಅಳೆಯಬೇಕಾದದ್ದು ಪ್ರಮಾಣವನ್ನು. ವಿಚಿತ್ರವೆಂದರೆ ಅದು ಅಳತೆಗೆ ಸಿಕ್ಕಿಯೇ ಇದೆ. ಯಾರ ಕ್ಯೂಗೆ ಯಾವ ವಿಡಿಯೊ ಬಂತು, ಎಷ್ಟು ಸೆಕೆಂಡು ಓಡಿತು, ಅದನ್ನು ಯಾವ ವರ್ಗಕ್ಕೆ ಸೇರಿಸಲಾಯಿತು ಎಂಬುದೆಲ್ಲ ತಂತ್ರಾಂಶದಲ್ಲಿ ದಾಖಲಾಗುತ್ತದೆ. ಟೀಮ್ ಲೀಡ್ ಅದರಿಂದ ವೇಗದ ಲೆಕ್ಕ ತೆಗೆಯುತ್ತಾನೆ, ಗುಣಮಟ್ಟ ಪರೀಕ್ಷಕ (ಕ್ಯುಎ) ತಪ್ಪಿನ ಲೆಕ್ಕ ತೆಗೆಯುತ್ತಾನೆ. ಒಬ್ಬ ಮಾಡರೇಟರ್ ಈ ತಿಂಗಳು ಮಕ್ಕಳ ಮೇಲಿನ ದೌರ್ಜನ್ಯದ ಎಷ್ಟು ದೃಶ್ಯ ನೋಡಿದ, ಇನ್ನು ಕೆಲವು ದಿನ ಅವನನ್ನು ಸ್ಪ್ಯಾಮ್ ಕ್ಯೂಗೆ ಹಾಕಬೇಕೇ ಎಂಬ ಪ್ರಶ್ನೆಗೂ ಉತ್ತರ ಅದೇ ದಾಖಲೆಯಲ್ಲಿದೆ. ಸಮಾಲೋಚಕರಿಗಾದರೋ ಆ ಅಂಕಿ ಸಿಗದಿದ್ದರೆ, ಎದುರಿಗೆ ಕೂತವನು ಬಾಯಿ ಬಿಟ್ಟು ಹೇಳಿದಷ್ಟೇ ಗೊತ್ತಾಗುವುದು. ಕೆಲಸದ ವಿಷಯ ಹೊರಗೆ ಹೇಳಬಾರದೆಂಬ ಗೌಪ್ಯತಾ ಒಪ್ಪಂದಕ್ಕೆ ಸಹಿ ಹಾಕಿದವನು ಹೇಳುವುದೂ ಅಷ್ಟಕ್ಕಷ್ಟೇ. ಘಟನೆ ನಡೆದ ಬೆನ್ನಿಗೆ ಒಂದೇ ಸಲ ಕೂರಿಸಿ ಮಾತಾಡಿಸಿದರೆ ಪಿಟಿಎಸ್‌ಡಿ ತಡೆಯಲಾಗದೆಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ಪರಾಮರ್ಶೆ 2002ರಲ್ಲೇ ತೋರಿಸಿದೆ. ಕೆಟ್ಟ ದಿನದ ಕೊನೆಗೆ ಒಂದು ಸಿಟ್ಟಿಂಗ್ ಕೊಟ್ಟು ಕೈತೊಳೆದುಕೊಳ್ಳುವ ರೂಢಿಗೆ ವೈಜ್ಞಾನಿಕ ಬೆಂಬಲವಿಲ್ಲ.

ಭಾರತದ ಸ್ಥಿತಿ ಇನ್ನೂ ಮಬ್ಬು. ಹೈದರಾಬಾದಿನ ಜೆನ್‌ಪ್ಯಾಕ್ಟ್ ಕೇಂದ್ರದಲ್ಲಿ ಫೇಸ್‌ಬುಕ್ ಪೋಸ್ಟುಗಳನ್ನು ಪರಿಶೀಲಿಸುತ್ತಿದ್ದವರು ಕಡಿಮೆ ಸಂಬಳ, ವಿಪರೀತ ಒತ್ತಡದ ದೂರು ಹೇಳಿದ್ದನ್ನು ರಾಯಿಟರ್ಸ್ 2019ರಲ್ಲಿ ವರದಿ ಮಾಡಿತ್ತು. ಕನ್ನಡದ ಮಟ್ಟಿಗೆ ಒಂದು ಹೆಚ್ಚಿನ ತೊಡಕಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದ ಕನ್ನಡ ಬೈಗುಳವನ್ನು ಯಂತ್ರ ಇಂಗ್ಲಿಷಿನ ಬೈಗುಳ ಹಿಡಿದಷ್ಟು ಸಲೀಸಾಗಿ ಹಿಡಿಯದು. ಯಂತ್ರ ಬಿಟ್ಟದ್ದನ್ನು ಹಿಡಿಯುವ ಕೆಲಸ ಮನುಷ್ಯರ ಕಣ್ಣಿಗೇ ಬೀಳುತ್ತದೆ. ಕಾನೂನಿನ ಕಡೆಗೆ ತಿರುಗಿದರೆ, 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಮಾನಸಿಕ ಆಘಾತಕ್ಕೆ ಜಾಗವಿರಲಿಲ್ಲ. ಕಲ್ಲಿನ ದೂಳಿನಿಂದ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್‌ಗೆ ಇತ್ತು. ಕೋಲಾರದ ಚಿನ್ನದ ಗಣಿಗಳಲ್ಲಿ ಕಾರ್ಮಿಕರ ಶ್ವಾಸಕೋಶ ಹಾಳಾಗುತ್ತಿರುವುದು 1940ರ ದಶಕದ ವೈದ್ಯಕೀಯ ಸಮೀಕ್ಷೆಗಳಲ್ಲಿ ದಾಖಲಾಯಿತು. ಗಣಿಯ ದೂಳನ್ನು ಅಳೆಯಲು ಬೇರೆ ಉಪಕರಣವೇ ಬೇಕಿತ್ತು. ಮಾಡರೇಟರ್ ನೋಡಿದ್ದನ್ನು ಅವನು ಕೆಲಸ ಮಾಡುವ ಯಂತ್ರವೇ ಎಣಿಸುತ್ತಿರುತ್ತದೆ.

ಹಾಗಾಗಿ ಮೊದಲ ಬೇಡಿಕೆ ಸಣ್ಣದು. ಸಂಬಳದ ಚೀಟಿ ಕೊಟ್ಟಂತೆ ತಿಂಗಳಿಗೊಮ್ಮೆ ಪ್ರತಿ ಮಾಡರೇಟರ್‌ಗೂ ತಾನು ನೋಡಿದ್ದರ ವರ್ಗವಾರು ಲೆಕ್ಕ ಸಿಗಬೇಕು. ಒಂದು ಮಿತಿ ಗೊತ್ತುಮಾಡಿ, ಅದನ್ನು ದಾಟಿದವರನ್ನು ಸಂಬಳ ಕಡಿಯದೆ ಬೇರೆ ಕ್ಯೂಗೆ ಹಾಕಬೇಕು. ವೈದ್ಯರೊಂದಿಗಿನ ಮಾತಿಗೆ ಗೌಪ್ಯತಾ ಒಪ್ಪಂದ ಅಡ್ಡ ಬರುವುದಿಲ್ಲ ಎಂದು ನೇಮಕಾತಿ ಪತ್ರದಲ್ಲೇ ಬರೆದಿರಬೇಕು. ಆಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿದವನೂ ತಾನೇನು ನೋಡಿದೆನೆಂದು ಹೇಳಬಲ್ಲ. ಆ ಲೆಕ್ಕದ ಚೀಟಿ ಕೆಲಸ ಬಿಟ್ಟ ಮೇಲೂ ಮಾಡರೇಟರ್ ಬಳಿಯೇ ಇರಬೇಕು, ಏಕೆಂದರೆ ಹಾನಿ ಕೆಲಸದೊಂದಿಗೇ ಮುಗಿಯುವುದಿಲ್ಲ. ಕೆನ್ಯಾದ ನೈರೋಬಿಯಲ್ಲಿ ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾ ಮತ್ತು ಅದರ ಗುತ್ತಿಗೆ ಸಂಸ್ಥೆಯ ಮೇಲೆ ದಾವೆ ಹೂಡಿದವರಲ್ಲಿ 144 ಮಂದಿಯನ್ನು ಕೆನ್ಯಾಟ್ಟಾ ರಾಷ್ಟ್ರೀಯ ಆಸ್ಪತ್ರೆಯ ಮನೋವೈದ್ಯರು ಪರೀಕ್ಷಿಸಿದ ವರದಿ 2024ರ ಡಿಸೆಂಬರಿನಲ್ಲಿ ಬಹಿರಂಗವಾಯಿತು. ಶೇಕಡ 81ರಷ್ಟು ಮಂದಿಯ ಪಿಟಿಎಸ್‌ಡಿ ತೀವ್ರ ಸ್ವರೂಪದ್ದಾಗಿತ್ತು. ದಾವೆ ಹೂಡಿದವರನ್ನಷ್ಟೇ ಪರೀಕ್ಷಿಸಿರುವುದರಿಂದ ಈ ಪ್ರಮಾಣವನ್ನು ಎಲ್ಲ ಮಾಡರೇಟರುಗಳಿಗೂ ಅನ್ವಯಿಸಲಾಗದು. ಆದರೆ ಅವರಲ್ಲಿ ಹೆಚ್ಚಿನವರು ಆ ಕೆಲಸ ಬಿಟ್ಟು ಆಗಲೇ ಕನಿಷ್ಠ ಒಂದು ವರ್ಷ ಕಳೆದಿತ್ತು.