ಮೂರು ನಕ್ಷೆಗಳು, ಒಂದು ಬಾವಿ

ಸಂಜೆಯ ವಾರ್ತೆ ನೋಡುವಾಗ ನೀವು ಗಮನಿಸಿರಬಹುದು. ಎಲ್ಲೋ ಪ್ರವಾಹ ಬಂದಿರುತ್ತದೆ, ಎಲ್ಲೋ ಯುದ್ಧ ನಡೆದಿರುತ್ತದೆ, ಎಲ್ಲೋ ರೋಗ ಹಬ್ಬಿರುತ್ತದೆ. ವಾರ್ತೆ ಓದುವವರು ಹತ್ತಾರು ಊರುಗಳ ಹೆಸರನ್ನೂ ಅಂಕಿ ಸಂಖ್ಯೆಗಳನ್ನೂ ಹೇಳುತ್ತಾ ಹೋಗುತ್ತಾರೆ. ನಮಗೆ ತಲೆಬುಡ ತಿಳಿಯುವುದಿಲ್ಲ. ಅಷ್ಟರಲ್ಲಿ ಪರದೆಯ ಮೇಲೆ ಒಂದು ನಕ್ಷೆ ಮೂಡುತ್ತದೆ. 'ಓಹೋ, ಇಲ್ಲಿಯೋ!' ಎಂದು ಮನಸ್ಸಿಗೆ ಸಮಾಧಾನವಾಗುತ್ತದೆ.

ಆದರೆ ಎಲ್ಲಿ ಎಂದು ತಿಳಿದ ಮಾತ್ರಕ್ಕೆ ಏಕೆ ಎಂಬುದೂ ತಿಳಿದಂತಾಯಿತೇ? ಈ ಪ್ರಶ್ನೆಗೆ ಉತ್ತರ ಬೇಕಾದರೆ ನಾವು 1854ರ ಲಂಡನ್ ನಗರಕ್ಕೆ ಹೋಗಬೇಕು. ಅಲ್ಲಿ ಒಂದೇ ಬಡಾವಣೆಯ ಸಾವುಗಳನ್ನು ಕುರಿತು ಮೂವರು ಬೇರೆ ಬೇರೆಯಾಗಿ ನಕ್ಷೆ ಬರೆಸಿದರು. ಮೂವರೂ ಮೂರು ಬೇರೆ ಮಾತು ಹೇಳಿದರು.

ಹತ್ತು ದಿನಗಳ ಸಾವು

ಲಂಡನ್ನಿನ ಸೋಹೋ ಎಂಬುದು ಕಿಕ್ಕಿರಿದ ಬಡಾವಣೆ. ಒಂದೊಂದು ಮನೆಯಲ್ಲಿ ಹಲವು ಬಡ ಕುಟುಂಬಗಳು ವಾಸವಾಗಿದ್ದವು. 1854ರ ಆಗಸ್ಟ್ 31ರ ರಾತ್ರಿ ಅಲ್ಲಿ ಕಾಲರಾ ಸ್ಫೋಟಿಸಿತು. ಸುಮಾರು ಹತ್ತು ದಿನಗಳಲ್ಲಿ ಐನೂರಕ್ಕೂ ಹೆಚ್ಚು ಜನ ಸತ್ತರು. ಒಟ್ಟು ಸಾವಿನ ಸಂಖ್ಯೆ 616 ಎಂದು ಮುಂದೆ ಲೆಕ್ಕ ಸಿಕ್ಕಿತು. ಬದುಕುಳಿದವರಲ್ಲಿ ಬಹುಪಾಲು ಜನ ಮನೆಗೆ ಬೀಗ ಹಾಕಿ ಓಡಿಹೋದರು.

ಕಾರಣವೇನು? ಆ ಕಾಲದ ವೈದ್ಯರಲ್ಲಿ ಹೆಚ್ಚಿನವರು, ಕೊಳೆತ ವಸ್ತುಗಳಿಂದ ಏಳುವ ಕೆಟ್ಟ ಗಾಳಿಯೇ ಕಾಲರಾ ತರುತ್ತದೆಂದು ನಂಬಿದ್ದರು. ಜನರ ಬಾಯಲ್ಲಿ ಮಾತ್ರ ಇನ್ನೊಂದು ಸುದ್ದಿ ಇತ್ತು. 1665ರ ಪ್ಲೇಗಿನಲ್ಲಿ ಸತ್ತವರನ್ನು ಹೂಳಿದ್ದ ಗುಂಡಿ ಆ ಬಡಾವಣೆಯಲ್ಲೇ ಇತ್ತು. ಹೊಸ ಚರಂಡಿ ತೋಡುವಾಗ ಅದನ್ನು ಕೆದಕಿದ್ದಾರೆ, ಅದರ ವಿಷವೇ ಮೇಲೆದ್ದಿದೆ ಎಂದು ಜನ ದೂರಿದರು. ಪತ್ರಿಕೆಗಳೂ ಈ ಮಾತನ್ನು ಎತ್ತಿಕೊಂಡವು.

ಮೊದಲಿನ ಎರಡು ನಕ್ಷೆಗಳು

ದೂರು ಚರಂಡಿ ಇಲಾಖೆಯ ಮೇಲೆ ಬಂದದ್ದರಿಂದ ಆ ಇಲಾಖೆಯ ಎಂಜಿನಿಯರ್ ಎಡ್ಮಂಡ್ ಕೂಪರ್ ತನಿಖೆಗೆ ಹೊರಟನು. ಚರಂಡಿಗಳು, ಹಳೆಯ ಪ್ಲೇಗ್ ಗುಂಡಿ, ಸಾವು ಸಂಭವಿಸಿದ ಮನೆಗಳು, ಈ ಮೂರನ್ನೂ ಒಂದೇ ನಕ್ಷೆಯಲ್ಲಿ ಗುರುತಿಸಿದನು. ಗುಂಡಿಯ ಸುತ್ತ ಸಾವುಗಳು ಗುಂಪುಗೂಡಿರಲಿಲ್ಲ. ಹೀಗೆ ಒಂದು ಗಾಳಿಸುದ್ದಿ ಸುಳ್ಳೆಂದು ತೋರಿತು. ಇಲಾಖೆಯ ಮೇಲಿನ ಅಪವಾದ ಕಳೆದದ್ದೇ ಸಾಕಾಗಿ ಕೂಪರನ ಕೆಲಸ ಅಲ್ಲಿಗೆ ಮುಗಿಯಿತು. ಹಾಗಾದರೆ ಸಾವಿಗೆ ಕಾರಣವೇನು ಎಂಬುದು ಅವನ ಪ್ರಶ್ನೆಯಾಗಿರಲಿಲ್ಲ.

ಸರ್ಕಾರದ ಆರೋಗ್ಯ ಮಂಡಳಿಯೂ ಒಂದು ಸಮಿತಿ ನೇಮಿಸಿ ವಿವರವಾದ ನಕ್ಷೆ ಮಾಡಿಸಿತು. ಅದರಲ್ಲಿಯೂ ಸಾವುಗಳು ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಸುತ್ತಲೇ ದಟ್ಟವಾಗಿದ್ದವು. ಆದರೆ ಕೆಟ್ಟ ಗಾಳಿಯೇ ಕಾರಣವೆಂಬ ನಂಬಿಕೆಯಲ್ಲಿದ್ದ ಸಮಿತಿಗೆ ಅಲ್ಲಿ ಕಂಡದ್ದು ಕೊಳಕು ಮನೆ, ದುರ್ವಾಸನೆ, ಇಕ್ಕಟ್ಟು ಮಾತ್ರ. ನೀರೇ ಕಾರಣವೆಂಬುದನ್ನು ಅದು ಒಪ್ಪಲಿಲ್ಲ. ನಕ್ಷೆ ಕಣ್ಣ ಮುಂದೆಯೇ ಇತ್ತು, ಆದರೆ ಅದು ಸಮಿತಿಯ ಮನಸ್ಸಿನಲ್ಲಿದ್ದುದನ್ನೇ ಅದಕ್ಕೆ ಮರಳಿ ತೋರಿಸಿತು.

ಸ್ನೋ ಕೇಳಿದ ಪ್ರಶ್ನೆ

ಮೂರನೆಯ ನಕ್ಷೆ ಜಾನ್ ಸ್ನೋ ಎಂಬ ವೈದ್ಯನದು. ಈತ ಯಾರ್ಕ್ ಪಟ್ಟಣದ ಒಬ್ಬ ಕೂಲಿಕಾರನ ಮಗ. ಕಾಲರಾ ಹರಡುವುದು ಕಲುಷಿತ ನೀರಿನಿಂದ ಎಂದು 1849ರಲ್ಲಿಯೇ ಬರೆದು, ಯಾರನ್ನೂ ಒಪ್ಪಿಸಲಾಗದೆ ಇದ್ದವನು. ಸೋಹೋದ ಸುದ್ದಿ ತಿಳಿದೊಡನೆ ಆತ ಬ್ರಾಡ್ ಸ್ಟ್ರೀಟಿನ ಸಾರ್ವಜನಿಕ ಕೈಪಂಪಿನ ಮೇಲೆ ಅನುಮಾನಪಟ್ಟನು. ಸರ್ಕಾರಿ ನೋಂದಣಿ ಕಚೇರಿಯಿಂದ 83 ಸಾವುಗಳ ಪಟ್ಟಿ ಪಡೆದು ಬೀದಿಗಿಳಿದನು. ಅವುಗಳಲ್ಲಿ 73 ಸಾವುಗಳು ಆ ಪಂಪಿಗೆ ಹತ್ತಿರದ ಮನೆಗಳಲ್ಲಿ ಆಗಿದ್ದವು. ಉಳಿದ 10 ಸಾವುಗಳು ಬೇರೆ ಪಂಪಿಗೆ ಹತ್ತಿರವಾದ ಮನೆಗಳಲ್ಲಿ ಆಗಿದ್ದವು. ಆದರೆ ಸ್ನೋ ಅಲ್ಲಿಗೇ ನಿಲ್ಲಿಸದೆ ಆ ಮನೆಗಳಿಗೂ ಹೋಗಿ ವಿಚಾರಿಸಿದನು. ಐದು ಕುಟುಂಬಗಳು ರುಚಿಗೆಂದು ಬ್ರಾಡ್ ಸ್ಟ್ರೀಟಿನ ನೀರನ್ನೇ ತರಿಸುತ್ತಿದ್ದವು. ಇನ್ನು ಮೂವರು ಆ ಪಂಪಿನ ಬಳಿಯ ಶಾಲೆಗೆ ಹೋಗುತ್ತಿದ್ದ ಮಕ್ಕಳು.

ಸೆಪ್ಟೆಂಬರ್ 7ರ ಸಂಜೆ ಸ್ನೋ ಆ ವಾರ್ಡಿನ ಆಡಳಿತ ಮಂಡಳಿಯ ಮುಂದೆ ತನ್ನ ವಾದವನ್ನಿಟ್ಟನು. ಮರುದಿನ ಪಂಪಿನ ಹಿಡಿಕೆಯನ್ನು ಕಳಚಲಾಯಿತು. ಆ ವೇಳೆಗೆ ರೋಗ ಇಳಿಮುಖವಾಗಿತ್ತೆಂಬುದನ್ನು ಸ್ನೋ ತಾನೇ ಒಪ್ಪಿಕೊಂಡಿದ್ದಾನೆ. ನಕ್ಷೆ ನೋಡಿ ಹಿಡಿಕೆ ಕಿತ್ತರೆಂಬ ಕಥೆಯನ್ನು ನೀವು ಕೇಳಿರಬಹುದು. ಆದರೆ ನಕ್ಷೆ ಸಿದ್ಧವಾದದ್ದು ಹಿಡಿಕೆ ಕಳಚಿದ ಮೇಲೆ, ಅಚ್ಚಾದದ್ದು 1855ರಲ್ಲಿ.

ಆ ನಕ್ಷೆಯಲ್ಲಿ ಪ್ರತಿಯೊಂದು ಸಾವಿಗೂ ಒಂದು ಕಪ್ಪು ಗೆರೆ. ಒಂದೇ ಮನೆಯಲ್ಲಿ ಹಲವರು ಸತ್ತಿದ್ದರೆ ಗೆರೆಯ ಮೇಲೆ ಗೆರೆ. ಮುಂದೆ ಮಾಡಿದ ಪ್ರತಿಯಲ್ಲಿ ಸ್ನೋ ಇನ್ನೊಂದು ಗೆರೆ ಸೇರಿಸಿದನು. ಬೀದಿಯಲ್ಲಿ ನಡೆದು ಹೋದರೆ ಬ್ರಾಡ್ ಸ್ಟ್ರೀಟಿನ ಪಂಪೂ ಬೇರೆ ಪಂಪುಗಳೂ ಸಮಾನ ದೂರವಾಗುವ ಜಾಗಗಳನ್ನು ಜೋಡಿಸಿದ ಗೆರೆ ಅದು. ಇದರಲ್ಲೇ ಅವನ ಬುದ್ಧಿವಂತಿಕೆ ಇರುವುದು. ಕೊಡ ಹಿಡಿದ ಹೆಂಗಸು ಹಕ್ಕಿಯಂತೆ ನೇರ ಹಾರಿಹೋಗುವುದಿಲ್ಲ, ಓಣಿ ಬಳಸಿಕೊಂಡು ನಡೆದು ಹೋಗುತ್ತಾಳೆ. ಆಕೆಗೆ ಯಾವ ಪಂಪು ಹತ್ತಿರ ಎಂದು ಆತ ಕೇಳಿದನು. ಬೇರೆ ಪಂಪು ಹತ್ತಿರವಾಗುವ ಕಡೆಗೆ ಬಂದಂತೆ ಸಾವಿನ ಗೆರೆಗಳು ವಿರಳವಾದವು.

ಹೊಂದದೆ ಉಳಿದ ಸಂಗತಿಗಳು

ಸ್ನೋ ತನ್ನ ವಾದಕ್ಕೆ ಹೊಂದದಂತೆ ಕಂಡ ಸಂಗತಿಗಳನ್ನು ಮುಚ್ಚಿಡಲಿಲ್ಲ. ಬದಲಾಗಿ ಅವುಗಳನ್ನೇ ಹುಡುಕಿಕೊಂಡು ಹೋದನು. ಹತ್ತಿರದಲ್ಲೇ ಬಡವರನ್ನು ಇರಿಸುವ ಒಂದು ಸರ್ಕಾರಿ ಆಶ್ರಯಮನೆ ಇತ್ತು. ಅಲ್ಲಿದ್ದ 535 ಜನರಲ್ಲಿ ಸತ್ತವರು ಐವರು ಮಾತ್ರ. ಕೆಟ್ಟ ಗಾಳಿಯೇ ಕಾರಣವಾಗಿದ್ದರೆ ಅದು ಈ ಕಟ್ಟಡವನ್ನು ಬಿಡುತ್ತಿತ್ತೇ? ವಿಚಾರಿಸಿದಾಗ ಅಲ್ಲಿ ಸ್ವಂತ ಬಾವಿ ಇದೆಯೆಂದು ತಿಳಿಯಿತು. ಅದೇ ಬೀದಿಯ ಬಿಯರ್ ಕಾರ್ಖಾನೆಯ ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರಲ್ಲಿ ಒಬ್ಬರೂ ಕಾಲರಾದಿಂದ ಸಾಯಲಿಲ್ಲ. ಅವರು ಪಂಪಿನ ನೀರು ಮುಟ್ಟುತ್ತಿರಲಿಲ್ಲ. ಆದರೆ ಬಂದೂಕಿನ ಕೇಪು ತಯಾರಿಸುವ ಪಕ್ಕದ ಕಾರ್ಖಾನೆಯಲ್ಲಿ ಆ ಪಂಪಿನ ನೀರನ್ನೇ ತುಂಬಿಡುತ್ತಿದ್ದರು. ಅಲ್ಲಿ ಸುಮಾರು 200 ಜನರಲ್ಲಿ 18 ಮಂದಿ ಸತ್ತರು.

ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಆ ನಕ್ಷೆಯ ಆಚೆ ಇತ್ತು. ಕೆಲವು ಮೈಲಿ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ವಿಧವೆ ಕಾಲರಾದಿಂದ ಸತ್ತಳು. ಹಿಂದೆ ಬ್ರಾಡ್ ಸ್ಟ್ರೀಟಿನಲ್ಲಿ ವಾಸವಾಗಿದ್ದ ಆಕೆ, ಅಲ್ಲಿನ ನೀರೇ ರುಚಿಯೆಂದು ದಿನವೂ ಬಾಟಲಿಯಲ್ಲಿ ತರಿಸಿಕೊಳ್ಳುತ್ತಿದ್ದಳು. ಆ ನೀರು ಕುಡಿದ ಸಂಬಂಧಿಯೊಬ್ಬಳೂ ತನ್ನ ಮನೆಗೆ ಮರಳಿ ಪ್ರಾಣ ಬಿಟ್ಟಳು. ಅವರ ಸುತ್ತಮುತ್ತ ಕಾಲರಾ ಇರಲಿಲ್ಲ.

ಸ್ಥಳೀಯ ಪಾದ್ರಿ ಹೆನ್ರಿ ವೈಟ್‌ಹೆಡ್ ಮೊದಲು ಸ್ನೋನ ಮಾತನ್ನು ನಂಬಿರಲಿಲ್ಲ. ಅದು ತಪ್ಪೆಂದು ತೋರಿಸಲು ತಾನೇ ಮನೆಮನೆ ಸುತ್ತಿದನು. ಕೊನೆಗೆ 40ನೇ ನಂಬರ್ ಮನೆಯ ಎಳೆಗೂಸಿನ ಭೇದಿಯ ಬಟ್ಟೆ ತೊಳೆದ ನೀರನ್ನು ಮನೆಯ ಮಲಗುಂಡಿಗೆ ಸುರಿದದ್ದನ್ನು ಪತ್ತೆ ಹಚ್ಚಿದವನು ಆತನೇ. ಅಗೆದು ನೋಡಿದಾಗ ಆ ಗುಂಡಿಗೂ ಬಾವಿಗೂ ನಡುವೆ ಮೂರಡಿಗಿಂತ ಕಡಿಮೆ ಅಂತರವಿತ್ತು, ಗುಂಡಿಯ ಇಟ್ಟಿಗೆ ಕಿತ್ತುಬಂದಿತ್ತು. ಆದರೂ ಸ್ನೋ 1858ರಲ್ಲಿ ತೀರಿಕೊಳ್ಳುವವರೆಗೆ ಅವನ ವಾದಕ್ಕೆ ಪೂರ್ಣ ಮನ್ನಣೆ ಸಿಗಲಿಲ್ಲ. 1884ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಕಾಲರಾ ರೋಗಾಣುವನ್ನು ಖಚಿತಪಡಿಸಿದ್ದು ನಮ್ಮ ಕಲ್ಕತ್ತೆಯಲ್ಲಿ.

ನಮ್ಮ ಕಾಲದ ನಕ್ಷೆ

ಇದೆಲ್ಲ ಹಳೆಯ ಕಥೆಯೆಂದು ತಳ್ಳಿಹಾಕಬೇಡಿ. ಕೊರೋನಾ ಕಾಲದಲ್ಲಿ, 2020ರ ಏಪ್ರಿಲ್ 30ರಂದು, ಕೇಂದ್ರ ಸರ್ಕಾರ ದೇಶದ ಜಿಲ್ಲೆಗಳನ್ನು ಮೂರು ಬಣ್ಣಗಳಾಗಿ ವಿಂಗಡಿಸಿತು: 130 ಕೆಂಪು, 284 ಕಿತ್ತಳೆ, 319 ಹಸಿರು. ಕರ್ನಾಟಕದಲ್ಲಿ ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ ಮತ್ತು ಮೈಸೂರು ಕೆಂಪಾದವು. ಟಿ.ವಿ.ಯಲ್ಲಿ ಇಡೀ ಮೈಸೂರು ಜಿಲ್ಲೆ ಒಂದೇ ಸಮನೆ ಕೆಂಪಾಗಿ ಕಂಡಿತು. ಆದರೆ ಅಲ್ಲಿ ಸೋಂಕು ಹೆಚ್ಚಾಗಿ ನಂಜನಗೂಡಿನ ಸಂಪರ್ಕದಿಂದ ಹಬ್ಬಿತ್ತು. ಆಡಳಿತಕ್ಕೆ ಜಿಲ್ಲೆಯ ಗಡಿ ಅನುಕೂಲ, ನಿಜ. ಆದರೆ ರೋಗಕ್ಕೆ ಜಿಲ್ಲೆಯ ಗಡಿ ಗೊತ್ತಿರುವುದಿಲ್ಲ.

ಆದ್ದರಿಂದ ವಿದ್ಯಾರ್ಥಿಗಳೇ, ಸುದ್ದಿಯ ಜೊತೆಗೆ ನಕ್ಷೆ ಕಂಡಾಗ ನಾಲ್ಕು ಪ್ರಶ್ನೆ ಕೇಳಿ. ಇದನ್ನು ಯಾರು, ಯಾವ ಪ್ರಶ್ನೆಗೆ ಉತ್ತರವಾಗಿ ಬರೆದರು? ಬಣ್ಣ ತುಂಬಿರುವುದು ಮನೆಗೋ, ಊರಿಗೋ, ಇಡೀ ಜಿಲ್ಲೆಗೋ? ಗುರುತುಗಳು ದಟ್ಟವಾಗಿರುವುದು ಅಲ್ಲಿ ಜನರೇ ಹೆಚ್ಚಿರುವುದರಿಂದಲೋ? ಈ ನಕ್ಷೆಗೆ ಹೊಂದದೆ ಉಳಿದದ್ದು ಯಾವುದು?

ಸಾಧ್ಯವಾದರೆ ಇನ್ನೊಂದು ಕೆಲಸ ಮಾಡಿ. ನಿಮ್ಮ ಬೀದಿಯ ನಲ್ಲಿ, ಬೋರ್‌ವೆಲ್, ಚರಂಡಿಗಳನ್ನು ಒಂದು ಹಾಳೆಯಲ್ಲಿ ಗುರುತಿಸಿ. ಯಾವ ಮನೆಯವರು ಎಲ್ಲಿಂದ ನೀರು ತರುತ್ತಾರೆಂದು ಕೇಳಿ ಬರೆಯಿರಿ. ನಾಲ್ಕು ಬಾಗಿಲು ತಟ್ಟುವುದರೊಳಗೆ ನಿಮ್ಮ ಊಹೆಗೆ ಒಗ್ಗದ ಒಂದು ಮನೆಯಾದರೂ ಸಿಗುತ್ತದೆ. ಅದನ್ನು ಅಳಿಸಬೇಡಿ. ಹ್ಯಾಂಪ್‌ಸ್ಟೆಡ್‌ನ ಆ ವಿಧವೆಯ ಮನೆಯೂ ಅಂಥದ್ದೇ ಆಗಿತ್ತು.