ದೊಡ್ಡ ಎ, ಸಣ್ಣ ಎ: ವೈನ್ ತಡವರಿಸಿದ ಕತೆ

ಗುಳೇದಗುಡ್ಡದಾಗ ನಮ್ಮ ಕಾಕಾರ ಖಣದ ಅಂಗಡಿ ಐತಿ. ಹತ್ತು ವರ್ಷದ ಲೆಕ್ಕ ಇರೋದು ವಿಂಡೋಸ್‌ನ ಹಳೇ ಸಾಫ್ಟ್‌ವೇರ್‌ನಲ್ಲಿ. ಕಂಪ್ಯೂಟರ್ ಹಳೇದಾಯ್ತು ಅಂತ ನಾನು ಲಿನಕ್ಸ್ ಹಾಕಿದೆ. ಲೆಕ್ಕ ತೆಗೆಯಲು ನಡುವೆ ವೈನ್ ಬೇಕಾಯ್ತು. ತೆರೀತು, ಆದ್ರ ಭಾಳ ನಿಧಾನ.

ವೈನ್ ಶುರುವಾದದ್ದು 1993ರಲ್ಲಿ. ವಿಂಡೋಸ್ ಪ್ರೋಗ್ರಾಂ ಕೇಳಿದ್ದನ್ನು ಲಿನಕ್ಸ್‌ಗೆ ತಿಳಿಯುವಂತೆ ಹೇಳುವ ದುಭಾಷಿ ಅದು. ವಿಂಡೋಸ್‌ಗೆ ಫೈಲ್ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಒಂದೇ; ಲಿನಕ್ಸ್‌ಗೆ ಬೇರೆ ಬೇರೆ. ಕೇಳಿದ ಹೆಸರು ಹಾಗೆಯೇ ಸಿಗದಿದ್ದರೆ ವೈನ್ ಫೋಲ್ಡರ್‌ನ ಒಂದೊಂದೇ ಹೆಸರು ಓದಿ ಹೋಲಿಸಬೇಕು. ‘ಫೈಲ್ ಇಲ್ಲ’ ಅನ್ನೋಕೂ ಕೊನೆತನಕ ಓದಲೇಬೇಕು! ಸಾವಿರ ಫೈಲ್ ಇದ್ದರೆ ಏನಾಗಬಹುದು, ನೀವೇ ಯೋಚಿಸ್ರಿ.

2019ರಲ್ಲಿ ಬಂದ ಲಿನಕ್ಸ್ ಕರ್ನೆಲ್ 5.2ರಲ್ಲಿ, ಇಎಕ್ಸ್‌ಟಿ4 ಫೈಲ್ ಸಿಸ್ಟಂ ಈ ಹೋಲಿಕೆಯನ್ನು ತಾನೇ ಮಾಡೋದು ಕಲಿತಿತು. ಖಾಲಿ ಫೋಲ್ಡರ್‌ಗೆ ಮೊದಲೇ ಆ ಸೌಲಭ್ಯ ಹಚ್ಚಿ, ಆಮೇಲೆ ಫೈಲ್ ಹಾಕಬೇಕು. ಹಾಗೇ ಮಾಡಿದೆ, ಕಾಯೋದು ತಗ್ಗಿತು.

ನಮ್ಮ ‘ಕ’ಗೆ ದೊಡ್ಡದು, ಸಣ್ಣದು ಅಂತಿಲ್ಲ. ಇಂಗ್ಲಿಷಿನ ಈ ಭೇದಕ್ಕೆ ಕರ್ನೆಲ್‌ನಲ್ಲೇ ದಾರಿ ಸಿಗೋ ಹೊತ್ತಿಗೆ ವೈನ್‌ಗೆ 26 ವರ್ಷ. ಕಾಕಾರಿಗೆ ಮಾತ್ರ ಹೊಸ ಕಂಪ್ಯೂಟರ್ ಖರ್ಚು ಉಳೀತು.