ಹಳೆಯ ಗಾರ್ಡನ್ ಟ್ರ್ಯಾಕ್ಟರಿನ ಚಾರ್ಜಿಂಗ್ ದೋಷ: ಪತ್ತೆ ಹಚ್ಚುವ ಕ್ರಮ

ಯಂತ್ರದ ಪರಿಚಯ

ಮನೆಯಂಗಳದ ಹುಲ್ಲುಹಾಸು ಮತ್ತು ಸಣ್ಣ ತೋಟಗಳ ಕೆಲಸಕ್ಕೆಂದು ಅಮೆರಿಕದಲ್ಲಿ ಬೆಳೆದುಬಂದ ಪುಟ್ಟ ವಾಹನವೇ ಗಾರ್ಡನ್ ಟ್ರ್ಯಾಕ್ಟರ್. 1963ರಲ್ಲಿ ಬಂದ ಜಾನ್ ಡಿಯರ್ 110 ಇದಕ್ಕೆ ಪ್ರಸಿದ್ಧ ಉದಾಹರಣೆ. ಆ ಕಾಲದ ಅನೇಕ ಟ್ರ್ಯಾಕ್ಟರುಗಳಲ್ಲಿ ಕೋಹ್ಲರ್ ಕಂಪನಿಯ ಕೆ ಸರಣಿಯ ಎಂಜಿನ್ ಇತ್ತು. ಅವುಗಳಲ್ಲಿ ಹಲವು ಬ್ಯಾಟರಿಯ ವಿದ್ಯುತ್ತಿನಿಂದಲೇ ಕಿಡಿ ಪಡೆಯುತ್ತವೆ. ಆದ್ದರಿಂದ ಚಾರ್ಜಿಂಗ್ ಕೆಟ್ಟರೆ ದೀಪವಷ್ಟೇ ಮಂಕಾಗುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಎಂಜಿನ್ನೂ ನಿಂತುಹೋಗುತ್ತದೆ.

ಕಾರ್ಯವಿಧಾನ

ಎಂಜಿನ್ನಿನ ಫ್ಲೈವೀಲ್ ಒಳಗೆ ಅಯಸ್ಕಾಂತಗಳಿರುತ್ತವೆ. ಅವುಗಳ ನಡುವೆ ಅಲುಗದಂತೆ ಕೂರಿಸಿದ ತಾಮ್ರದ ಸುರುಳಿಗಳ ಚಕ್ರಕ್ಕೆ ಸ್ಟೇಟರ್ ಎಂದು ಹೆಸರು. ಫ್ಲೈವೀಲ್ ತಿರುಗಿದಾಗ ಸುರುಳಿಗಳಲ್ಲಿ ಪರ್ಯಾಯ ವಿದ್ಯುತ್ ಹುಟ್ಟುತ್ತದೆ. ಅದನ್ನು ನೇರ ವಿದ್ಯುತ್ತಾಗಿಸಿ, ವೋಲ್ಟೇಜನ್ನು ಹದದಲ್ಲಿಡುವುದು ರೆಕ್ಟಿಫೈಯರ್-ರೆಗ್ಯುಲೇಟರ್. ಇದರ ಮೂರು ತುದಿಗಳಲ್ಲಿ ಅಂಚಿನ ಎರಡಕ್ಕೆ ಸ್ಟೇಟರಿನ ತಂತಿಗಳು ಬರುತ್ತವೆ. ನಡುವಿನದು ಬ್ಯಾಟರಿಯ ಕಡೆ ಹೋಗುತ್ತದೆ. ನಾಲ್ಕನೆಯ ಸಂಪರ್ಕ ಕಣ್ಣಿಗೆ ಬೀಳುವುದಿಲ್ಲ. ಅದು ರೆಗ್ಯುಲೇಟರಿನ ಅಲ್ಯೂಮಿನಿಯಂ ಮೈಯೇ, ಅಂದರೆ ಅರ್ಥ್.

ಪರೀಕ್ಷೆಯ ಕ್ರಮ

ಮೊದಲು ಬ್ಯಾಟರಿಯನ್ನು ಹೊರಗಿನ ಚಾರ್ಜರಿನಿಂದ ತುಂಬಿಸಿ, ಕೆಲವು ಗಂಟೆ ಬಿಟ್ಟು ಅಳೆಯಬೇಕು. ಸುಮಾರು 12.6 ವೋಲ್ಟ್ ನಿಲ್ಲದಿದ್ದರೆ ದೋಷ ಬ್ಯಾಟರಿಯದೇ. ನಂತರ ಎಂಜಿನ್ನನ್ನು ಪೂರ್ಣ ವೇಗದಲ್ಲಿ ಓಡಿಸಿ ಮತ್ತೆ ಬ್ಯಾಟರಿಯ ಮೇಲೆ ಅಳೆಯಬೇಕು. 13.8ರಿಂದ 14.7 ವೋಲ್ಟ್ ಬಂದರೆ ವ್ಯವಸ್ಥೆ ಸರಿಯಿದೆ. 15 ದಾಟಿದರೆ ರೆಗ್ಯುಲೇಟರ್ ಹಿಡಿತ ತಪ್ಪಿದೆ. ಬ್ಯಾಟರಿಯ ನೀರು ಕುದಿದು ಆರಿಹೋಗುತ್ತದೆ. ಏರದೆ ಇಳಿಯುತ್ತಲೇ ಹೋದರೆ ಚಾರ್ಜ್ ಆಗುತ್ತಿಲ್ಲ.

ಈ ಹಂತದಲ್ಲಿ ಹೊಸ ಬಿಡಿಭಾಗಕ್ಕೆ ಹಣ ಸುರಿಯುವುದು ಆತುರ. ಹಳೆಯ ಯಂತ್ರಗಳಲ್ಲಿ ಕೈಕೊಡುವುದು ಹೆಚ್ಚಾಗಿ ಸಂಪರ್ಕಗಳೇ. ರೆಗ್ಯುಲೇಟರನ್ನು ಬಿಚ್ಚಿದರೆ ಬೋಲ್ಟಿನ ಸುತ್ತ ಸುಣ್ಣದಂಥ ಬಿಳಿಪುಡಿ, ಅದರಡಿಯಲ್ಲಿ ಬಣ್ಣ ಬಳಿದ ತಗಡು ಕಾಣುವುದುಂಟು. ಬಣ್ಣ ವಿದ್ಯುತ್ತನ್ನು ಹಾಯಗೊಡುವುದಿಲ್ಲ. ಎರಡೂ ಮೈಗಳನ್ನು ಎಮರಿ ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ ಬಿಗಿಗೊಳಿಸಿದರೆ ಎಷ್ಟೋ ಬಾರಿ ಕೆಲಸ ಅಲ್ಲಿಗೇ ಮುಗಿಯುತ್ತದೆ. ಕೀಲಿ ತಿರುಗಿಸಿದಾಗ ನಡುವಿನ ತುದಿಗೆ ಬರುವ ತಂತಿಯಲ್ಲಿ ಬ್ಯಾಟರಿಯ ವೋಲ್ಟೇಜ್ ಇರಬೇಕು. ಇಲ್ಲದಿದ್ದರೆ ಫ್ಯೂಸ್, ಕೀಲಿ ಸ್ವಿಚ್, ಆಮ್ಮೀಟರಿನ ಸಡಿಲ ನಟ್ಟು ಇವುಗಳನ್ನು ನೋಡಬೇಕು.

ಇವೆಲ್ಲ ಸರಿಯಿದ್ದರೆ ಸ್ಟೇಟರಿನ ಎರಡು ತಂತಿಗಳನ್ನು ಕಳಚಿ, ಮೀಟರನ್ನು ಪರ್ಯಾಯ ವಿದ್ಯುತ್ತಿಗೆ ತಿರುಗಿಸಿ, ಅವುಗಳ ನಡುವೆ ಅಳೆಯಬೇಕು. ಕೋಹ್ಲರಿನ 15 ಆಂಪಿಯರ್ ವ್ಯವಸ್ಥೆಯಲ್ಲಿ ನಿಮಿಷಕ್ಕೆ 3600 ಸುತ್ತಿನ ವೇಗಕ್ಕೆ 28 ವೋಲ್ಟ್ ಅಥವಾ ಹೆಚ್ಚು ಬಂದರೆ ಸ್ಟೇಟರ್ ಆರೋಗ್ಯವಾಗಿದೆ, ಕೆಟ್ಟಿರುವುದು ರೆಗ್ಯುಲೇಟರ್. ಕಡಿಮೆ ಬಂದರೆ ಎಂಜಿನ್ ನಿಲ್ಲಿಸಿ, ಪ್ರತಿ ತಂತಿಗೂ ಎಂಜಿನ್ನಿನ ಮೈಗೂ ಸಂಪರ್ಕವಿದೆಯೇ ಎಂದು ಪರೀಕ್ಷಿಸಬೇಕು. ಇದ್ದರೆ ಸುರುಳಿಯ ಹೊದಿಕೆ ಸುಟ್ಟಿದೆ. ಸುರುಳಿಯ ರೋಧ ಅಳೆಯುವುದರಿಂದ ಹೆಚ್ಚೇನೂ ತಿಳಿಯದು. ಅದು ಒಂದು ಓಮಿನ ಸಣ್ಣ ಭಾಗವಷ್ಟೇ. ಅಗ್ಗದ ಮೀಟರಿನ ತಂತಿಗಳ ರೋಧವೇ ಅದಕ್ಕಿಂತ ಹೆಚ್ಚಿರಬಹುದು.

ಎಂಜಿನ್ ಓಡುವಾಗ ಬ್ಯಾಟರಿಯ ತಂತಿ ಕಳಚಿ ನೋಡುವ ಹಳೆಯ ಅಭ್ಯಾಸ ಬೇಡ. ಅದರಿಂದ ಒಳ್ಳೆಯ ರೆಗ್ಯುಲೇಟರ್ ಕೂಡ ಸುಟ್ಟುಹೋಗಬಹುದು.

ಸ್ಟಾರ್ಟರ್-ಜನರೇಟರ್ ಇರುವಲ್ಲಿ

1960ರ ದಶಕದ ಹಲವು ಕಬ್ ಕ್ಯಾಡೆಟ್ ಮಾದರಿಗಳಲ್ಲಿ ಬೆಲ್ಟಿನಿಂದ ತಿರುಗುವ ಒಂದೇ ಘಟಕ ಎಂಜಿನ್ನನ್ನು ಎಬ್ಬಿಸುತ್ತದೆ, ಆಮೇಲೆ ಬ್ಯಾಟರಿಯನ್ನೂ ತುಂಬುತ್ತದೆ. ಇಲ್ಲಿ ಮೊದಲು ಬೆಲ್ಟಿನ ಬಿಗಿ, ಬಳಿಕ ಸವೆದ ಕಾರ್ಬನ್ ಬ್ರಶ್ ನೋಡಬೇಕು.

ಇದೇ ತತ್ತ್ವ ಬೇರೆಡೆ

ನಮ್ಮ ಮೋಟಾರ್‌ಸೈಕಲ್ ಮೆಕ್ಯಾನಿಕರು ‘ಆರ್‌ಆರ್ ಯೂನಿಟ್’ ಎನ್ನುವುದು ಇದೇ ರೆಕ್ಟಿಫೈಯರ್-ರೆಗ್ಯುಲೇಟರನ್ನು. ಪರೀಕ್ಷೆಯ ಕ್ರಮವೂ ಬಹುತೇಕ ಇದೇ. ಸ್ಟೇಟರಿನಿಂದ ಒಂದೇ ಬಣ್ಣದ ಮೂರು ತಂತಿ ಬರುವ ಬೈಕುಗಳಲ್ಲಿ ಮಾತ್ರ ಎರಡೆರಡರಂತೆ ಮೂರು ಬಾರಿ ಅಳೆದು, ಮೂರೂ ಸಮನಾಗಿವೆಯೇ ಎಂದು ನೋಡಬೇಕು.